ಕೂಸಿನ ಕಿವಿಯ ಸಾಕ್ಷಿ

ಈ ಕಥೆಯನ್ನು ಹೇಳಬೇಕಾದವರು ಡಾಕ್ಟರ್ ಉಷಾ ಕೆರೂರ. ಅವರು ಹೇಳಲಿಲ್ಲ, ಇನ್ನು ಹೇಳುವುದೂ ಇಲ್ಲ. ದಾನಮ್ಮ ಹೇಳಬಹುದಿತ್ತು. ಆಕೆ ಯಾಕೆ ಹೇಳುವುದಿಲ್ಲ ಎಂಬುದೇ ಕಥೆ. ಹೀಗಾಗಿ ಯಂತ್ರದ ಗುಂಡಿ ಒತ್ತುತ್ತಿದ್ದ ನಾನು ಹೇಳಬೇಕಾಗಿದೆ. ಹಗಲು ಔಷಧದ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಕಲಿತ ವಿಜ್ಞಾನ ನನ್ನದು. ಅದರಲ್ಲಿ ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಬೇಕು. ಬೇರೆಯವರ ಮನೆಯ ಮಾತನ್ನು ಹೀಗೆ ಹೊರಗೆ ತರುವುದು ಸರಿಯೇ ಎಂದು ಬಹಳ ದಿನ ಹಿಂದೆಮುಂದೆ ನೋಡಿದೆ. ಈಗಲೂ ಖಾತ್ರಿ ಇಲ್ಲ. ಓದುವವರು ಕ್ಷಮಿಸಬೇಕು.

ಮೊದಲು ಯಂತ್ರದ ವಿಷಯ. ಕಿವಿಯ ತಮಟೆಯ ಹಿಂದೆ ಮೂರು ಸಣ್ಣ ಎಲುಬುಗಳಿವೆ. ಕೊನೆಯ ಎಲುಬಿಗೆ ಅಕ್ಕಿನುಚ್ಚಿನಷ್ಟು ಒಂದು ಸ್ನಾಯು ಅಂಟಿಕೊಂಡಿದೆ. ಜೋರಾದ ಸದ್ದು ಬಂದಾಗ ಅದು ಬಿಗಿದು ಎಲುಬನ್ನು ಹಿಂದಕ್ಕೆ ಎಳೆಯುತ್ತದೆ. ಒಳಗೆ ಹೋಗುವ ಸದ್ದು ಕಡಿಮೆಯಾಗುತ್ತದೆ. ಕಣ್ಣಿಗೆ ರೆಪ್ಪೆ ಇದ್ದ ಹಾಗೆ ಕಿವಿಗೆ ಇದು. ಇಷ್ಟು ಹಳೆಯ ಸಂಗತಿ. ಹೊಸದಾಗಿ ಗೊತ್ತಾದದ್ದು ಏನೆಂದರೆ, ಕೆಲವು ಹಸುಗೂಸುಗಳಲ್ಲಿ ಈ ಸ್ನಾಯು ಮೆಲ್ಲನೆಯ ದನಿಗೂ ಬಿಗಿಯುತ್ತದೆ. ಎಲ್ಲರ ದನಿಗಲ್ಲ, ಯಾರೋ ಒಬ್ಬರ ದನಿಗೆ. ಕೂಸಿಗೆ ಹೊಟ್ಟೆಯಲ್ಲಿ ಆರನೆಯ ತಿಂಗಳ ಹೊತ್ತಿಗೆ ಕಿವಿ ಕೇಳಿಸುತ್ತದೆ. ಯಾವ ದನಿ ಬಂದಾಗ ತಾಯಿಯ ರಕ್ತದಲ್ಲಿ ಭಯ ಏರುತ್ತಿತ್ತೋ ಆ ದನಿಯನ್ನು ಅದು ಗುರುತಿಟ್ಟುಕೊಂಡು ಹುಟ್ಟುತ್ತದೆ ಎಂದು ತಜ್ಞರು ಹೇಳಿದರು.

ಯಂತ್ರ ಬಂತು. ಹುಟ್ಟಿದ ಮೂರನೆಯ ದಿನ ಕೂಸಿನ ಕಿವಿಯಲ್ಲಿ ಹತ್ತಿಯಷ್ಟು ಮೆತ್ತನೆಯ ಒಂದು ಸಣ್ಣ ಕೊಳವೆ ಇಟ್ಟು, ಮನೆಯವರ ದನಿಗಳನ್ನು ಒಂದೊಂದಾಗಿ ಕೇಳಿಸುತ್ತೇವೆ. ಎಲ್ಲರೂ ಒಂದೇ ಮಾತನ್ನು ಹೇಳಿ ಧ್ವನಿಮುದ್ರಣ ಕೊಟ್ಟಿರಬೇಕು: "ಬಾ ಕೂಸ, ಹಾಲು ಕುಡಿ, ಮಲಕ್ಕೊ." ಮಾತು ಒಂದೇ ಆದ್ದರಿಂದ ವ್ಯತ್ಯಾಸ ದನಿಯದು ಮಾತ್ರ. ಪರದೆಯ ಮೇಲೆ ಹಸಿರು ಗೆರೆ ನೇರ ಹೋದರೆ ಕಿವಿ ತೆರೆದಿದೆ ಎಂದರ್ಥ. ಗೆರೆ ಕುಸಿದರೆ ಮುಚ್ಚಿದೆ. ಮನೆಯವರೆಲ್ಲ ನಿಂತು ನೋಡಬೇಕೆಂಬುದು ನಿಯಮ. ಯಾರ ದನಿಗೆ ಕಿವಿ ಮುಚ್ಚಿತೋ ಅವರು ಒಂದು ವರ್ಷ ಕೂಸಿನ ಹತ್ತಿರ ಮಾತನಾಡಬಾರದು ಎಂಬುದು ಸಲಹೆ.

ಸಲಹೆ ಒಳ್ಳೆಯದೇ ಆಗಿತ್ತು. ಗದಗಿನ ನಮ್ಮ ಹೆರಿಗೆ ಆಸ್ಪತ್ರೆಗೆ ಯಂತ್ರ ಬಂದ ಹೊಸದರಲ್ಲಿ, ಬಸುರಿ ಇರುವ ಮನೆಗಳಲ್ಲಿ ದನಿ ಇಳಿದವು. ಬೈಯುವುದೇ ಕಸುಬಾಗಿದ್ದ ಗಂಡಸರು ಹೊರಗೆ ಹೋಗಿ ಬೈದು ಬರುತ್ತಿದ್ದರು. ಒಬ್ಬ ಮುದುಕಿ ಸೊಸೆಗೆ ಬೈಯಬೇಕಾದಾಗ ಕಾಗದದಲ್ಲಿ ಬರೆದು ಕೊಡುತ್ತಿದ್ದಳಂತೆ, ಅಕ್ಷರ ಬಾರದ ಸೊಸೆ ಅದನ್ನು ಒಲೆಗೆ ಹಾಕುತ್ತಿದ್ದಳಂತೆ. ನಾವೆಲ್ಲ ನಕ್ಕೆವು.

ಆಮೇಲೆ ಜನ ಅದನ್ನು ತಮ್ಮ ರೀತಿಯಲ್ಲಿ ಬಳಸತೊಡಗಿದರು. ಕನ್ಯೆ ನೋಡಲು ಬಂದವರು, "ನಿಮ್ಮ ಮನ್ಯಾಗ ಯಾರ ದನಿಗಿ ಕಿವಿ ಮುಚ್ಚಿತ್ತು?" ಎಂದು ಕೇಳಿದರು. ಅಣ್ಣತಮ್ಮಂದಿರು ಪಾಲು ಕೇಳುವಾಗ ಅದನ್ನೇ ಎತ್ತಿದರು. ನಾಮಕರಣದಲ್ಲಿ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಅದು ಆಕೆಯ ಹಕ್ಕು. ಆಕೆ ಬಾಗಿ "ಕುರ್ರ್" ಎಂದು ಹೆಸರು ಉಸುರುವಾಗ ಉಳಿದ ಹೆಂಗಸರು ನಗುತ್ತ ಆಕೆಯ ಬೆನ್ನಿಗೆ ಗುದ್ದುತ್ತಾರೆ. ಈಗ ಆ ಹಕ್ಕು ಯಾರ ದನಿಗೆ ಗೆರೆ ಎಲ್ಲಕ್ಕಿಂತ ನೇರ ಹೋಯಿತೋ ಅವರದಾಯಿತು. "ಕಿವಿ ಮುಚ್ಚಿಸೋಕಿ" ಎಂಬುದು ಬೈಗುಳವಾಯಿತು. ಮನೆಯೊಳಗಿನ ಚುಚ್ಚುಮಾತನ್ನು ನಿಲ್ಲಿಸಲು ಬಂದ ಯಂತ್ರ, ಹಿಂದೆ ಯಾರ ಬಾಯಲ್ಲೂ ಇರದಿದ್ದ ಒಂದು ಚುಚ್ಚುಮಾತನ್ನು ಎಲ್ಲರ ಕೈಗೆ ಕೊಟ್ಟಿತು.

ನಾನು ಬಾಡಿಗೆಗೆ ಇದ್ದದ್ದು ನೀಲವ್ವನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ಅವರದು ಕಡಕ್ ರೊಟ್ಟಿಯ ವ್ಯಾಪಾರ. ಪಡಸಾಲೆಯಲ್ಲಿ ಕೂಲಿಯ ಹೆಂಗಸರು ಸಾಲಾಗಿ ಕುಳಿತು ರೊಟ್ಟಿ ಬಡಿಯುತ್ತಿದ್ದರು. ಮಗ ಮುತ್ತಣ್ಣ ಕಟ್ಟುಗಳನ್ನು ಸ್ಕೂಟರಿಗೆ ಏರಿಸಿಕೊಂಡು ಅಂಗಡಿಗಳಿಗೆ ಹೋಗುತ್ತಿದ್ದ. ನೀಲವ್ವ ನಡುವೆ ಕುಳಿತು ಪ್ರತಿಯೊಂದು ರೊಟ್ಟಿಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅಂಚು ಸೀಳಿದ್ದರೆ ಮಾತಿಲ್ಲದೆ ಮುರಿದು ಬುಟ್ಟಿಗೆ ಹಾಕುತ್ತಿದ್ದಳು. ಕೂಲಿಯವರ ರೊಟ್ಟಿ ಮುರಿಯುವಾಗ ಮಾತಿಲ್ಲ. ಸೊಸೆಯ ರೊಟ್ಟಿ ಮುರಿಯುವಾಗ ಮಾತು.

ಸೊಸೆ ದಾನಮ್ಮ. ಮದುವೆಗೆ ಮುಂಚೆ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ಬಸ್ಸುಗಳ ಹೆಸರು ಕೂಗುವ ಕೆಲಸ ಮಾಡುತ್ತಿದ್ದಳು. ಅಗಲವಾದ, ಅವಸರವಿಲ್ಲದ ದನಿ. ಕೆಲಸ ಬಿಟ್ಟ ಮೇಲೂ ಆಕೆಯ ಮುದ್ರಿತ ದನಿಯೇ ಅಲ್ಲಿ ಓಡುತ್ತಿತ್ತು. ಬಸ್ಸಿಗೆ ಹೋದಾಗಲೆಲ್ಲ ನಾನು ಅದನ್ನು ಕೇಳಿದ್ದೇನೆ. ಮನೆಯಲ್ಲಿ ಆ ದನಿ ನೀಲವ್ವನಿಗೆ ಒಂದು ಆಯುಧವಾಗಿತ್ತು.

"ಬಸ್‌ಸ್ಟ್ಯಾಂಡ್ ಬಾಯಿ ಇಲ್ಲಿ ತೆರೀಬ್ಯಾಡ. ಇದು ಮನಿ. ಇಲ್ಲಿ ಯಾರ ಬಸ್ಸೂ ತಪ್ಪಂಗಿಲ್ಲ."

"ಉಪ್ಪು ಹಾಕಲೇನ್ರಿ ಅಂತ ಕೇಳಿದ್ನಿರಿ ಅತ್ತಿ."

"ಕೇಳಬೇಕಾ? ಇಷ್ಟು ದಿನ ಆತು ಬಂದು. ಕೈಯಾಗ ಬುದ್ಧಿ ಇದ್ದಾಕಿಗೆ ಬಾಯಿ ಬೇಕಾಗಂಗಿಲ್ಲ. ನಮ್ಮತ್ತಿ ಸಂಗವ್ವ ಇದ್ದಿದ್ರ ಈ ರೊಟ್ಟಿ ನಿನ್ನ ತಲಿ ಮ್ಯಾಲೆ ಮುರೀತಿದ್ಲು. ನನ್ನ ತಲಿ ಮ್ಯಾಲೆ ಮುರದಾಳ."

ಇದನ್ನು ನೀಲವ್ವ ದುಃಖದಿಂದ ಹೇಳುತ್ತಿರಲಿಲ್ಲ, ಒಂದು ಪ್ರಮಾಣಪತ್ರದಂತೆ ಹೇಳುತ್ತಿದ್ದಳು. ದಾನಮ್ಮನಿಗೆ ತಾಯಿ ಇರಲಿಲ್ಲ. ಹಾಗಾಗಿ ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಮುಗಿದ ಮೇಲೂ ತವರಿಗೆ ಹೋಗದೆ ಇಲ್ಲೇ ಉಳಿದಳು. ಉಳಿದವರ ಕೂಸುಗಳು ತವರಿನ ದನಿ ಕೇಳುತ್ತ ಬಲಿಯುವ ತಿಂಗಳುಗಳನ್ನು ಇವಳ ಕೂಸು ಈ ಪಡಸಾಲೆಯಲ್ಲಿ ಕಳೆಯಿತು.

ಬಟ್ಟೆ ಒಗೆಯುವ ಕಲ್ಲು ನಮ್ಮಿಬ್ಬರಿಗೂ ಒಂದೇ. ಅಲ್ಲಿ ಆಕೆ ನನ್ನ ಹತ್ತಿರ ಮಾತನಾಡುತ್ತಿದ್ದಳು.

"ಕಸ್ತೂರಕ್ಕ, ನಿಮ್ಮ ಮಷಿನ್ ಯಾರದಾರ ಮುಖ ನೋಡಿ ಹೇಳ್ತೈತೇನ್ರಿ?"

"ಇಲ್ಲವ್ವ. ಅದಕ್ಕೇನ ಗೊತ್ತು ಯಾರು ಯಾರಂತ."

"ಹಂಗಾರ ಸಾಕು." ಆಕೆ ಸೀರೆ ಹಿಂಡುತ್ತ ನಕ್ಕಳು. "ನಾ ಇವರಿಗೆ ಹೇಳಿದ್ನಿ, ನಿಮ್ಮವ್ವ ಹಿಂಗ ಅಂತಾರ ಅಂತ. 'ಅವ್ವ ಅಂದಿದ್ದು ನಿನ್ನ ಛಲೋದಕ್ಕ' ಅಂದ್ರು. ನಮ್ಮಣ್ಣಗ ಹೇಳಿದ್ನಿ. 'ಹೊಂದ್ಕೊಂಡು ಹೋಗು' ಅಂದ. ಯಾರೂ ನಂಬಂಗಿಲ್ಲ. ಕೂಸು ಹುಟ್ಟಲಿ. ಮಂದಿ ಸುಳ್ಳು ಹೇಳ್ತಾರ, ಕೂಸಿನ ಕಿವಿ ಹೇಳಂಗಿಲ್ಲ. ಆಮ್ಯಾಲೆ ಅವರು ಒಂದು ವರ್ಷ ಬಾಯಿ ಮುಚ್ಚಬೇಕು. ನಾ ಒಬ್ಬಾಕೆನ ನನ್ನ ಕೂಸಿನ ಕೂಡ ಮಾತಾಡ್ತೀನಿ."

ಈ ಮಾತನ್ನು ಆಕೆ ನನಗೊಬ್ಬಳಿಗೇ ಹೇಳಿ ಸುಮ್ಮನಾಗಲಿಲ್ಲ. ಒಂದು ದಿನ ಅತ್ತೆ ಇಡೀ ಬುಟ್ಟಿ ರೊಟ್ಟಿ ಮುರಿದಾಗ, ಪಡಸಾಲೆಯ ಎಲ್ಲರ ಎದುರಿಗೆ ಎದ್ದು ನಿಂತು ಹೇಳಿದಳು. ದನಿ ನಡುಗುತ್ತಿತ್ತು. ನೀಲವ್ವ ಮುರಿದ ಚೂರುಗಳನ್ನು ಬುಟ್ಟಿಗೆ ತುಂಬಿದಳು. ಅಂದಿನಿಂದ ಆಕೆ ಬಸುರಿಯ ಎದುರು ಬಾಯಿ ಬಿಗಿಹಿಡಿಯುತ್ತಾಳೇನೋ ಅಂದುಕೊಂಡೆವು. ಎರಡು ದಿನ ಹಿಡಿದಳು. ಆಮೇಲೆ ಅಭ್ಯಾಸ ಗೆದ್ದಿತು.

ಕೂಸು ಹೆಣ್ಣು. ಮೂರನೆಯ ದಿನ ಪರೀಕ್ಷೆಯ ಕೋಣೆಗೆ ಎಲ್ಲರೂ ಬಂದರು. ದಾನಮ್ಮ ಗಾಲಿಕುರ್ಚಿಯಲ್ಲಿ, ಮುತ್ತಣ್ಣ ಗೋಡೆಗೆ ಒರಗಿ, ಅವನ ಅಕ್ಕ ಶಾರವ್ವ ನರೇಗಲ್ಲಿನಿಂದ ಹೊಸ ಸೀರೆ ಉಟ್ಟು. ನೀಲವ್ವ ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ತಿರ. ಆಕೆಯ ಮೇಲ್ದುಟಿಯ ಮೇಲೆ ಬೆವರಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಹೆದರಿದ್ದಳು. ತಾನೇನು ಮಾಡಿದ್ದೇನೆಂದು ಆಕೆಗೂ ಗೊತ್ತಿತ್ತು ಎಂದು ನನಗೆ ಆ ಕ್ಷಣ ಅನ್ನಿಸಿತು.

ಕೆರೂರ ಮೇಡಂ ಕೊಳವೆ ಇಟ್ಟರು. ನಾನು ಗುಂಡಿ ಒತ್ತಿದೆ. ಮುತ್ತಣ್ಣನ ದನಿ: ಗೆರೆ ಸ್ವಲ್ಪ ಅಲುಗಿತು. ಶಾರವ್ವನ ದನಿ: ಸುಮಾರು ನೇರ. ಆಮೇಲೆ ನೀಲವ್ವನದು. "ಬಾ ಕೂಸ, ಹಾಲು ಕುಡಿ, ಮಲಕ್ಕೊ." ಗೆರೆ ಹಲಗೆಯ ಮೇಲೆ ಎಳೆದ ಹಾಗೆ ನೇರ ಹೋಯಿತು. ಕೂಸಿನ ಮುಷ್ಟಿ ಸಡಿಲಾಯಿತು.

ದಾನಮ್ಮ ಪರದೆಯನ್ನೇ ನೋಡುತ್ತಿದ್ದಳು. ಅರ್ಥವಾಗದವಳಂತೆ ನನ್ನ ಕಡೆ ತಿರುಗಿದಳು. ನಾನು ಕಣ್ಣು ತಪ್ಪಿಸಿ ಕೊನೆಯ ದನಿಯನ್ನು ಹಾಕಿದೆ. ಅದು ಆಕೆಯದೇ.

ಮೊದಲ ಪದ ಮುಗಿಯುವ ಮುನ್ನ ಗೆರೆ ಬಿದ್ದಿತು. ತಳಕ್ಕೆ ಹೋಗಿ ಅಲ್ಲೇ ನಿಂತಿತು.

"ಕೊಳವೆ ಸರದಿರಬೇಕು," ಎಂದರು ಮೇಡಂ. ಸರಿ ಮಾಡಿದರು. ಮತ್ತೆ ಹಾಕಿದೆವು. ಬಲಗಿವಿ ಬಿಟ್ಟು ಎಡಗಿವಿಯಲ್ಲಿ ನೋಡಿದೆವು. ದಾನಮ್ಮನ ದನಿಗೆ ಪ್ರತಿ ಸಲವೂ ಗೆರೆ ಬಿದ್ದಿತು. ನೀಲವ್ವನ ದನಿಗೆ ಪ್ರತಿ ಸಲವೂ ನೇರ.

ಅಳು ಕೇಳಿ ತಿರುಗಿದರೆ ನೀಲವ್ವ. ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ ಅಳುತ್ತಿದ್ದಳು. "ನನ್ನ ದನಿಗಿ ತೆರೀತಲ್ಲವ್ವ," ಎಂದಳು ಶಾರವ್ವನ ಕೈ ಹಿಡಿದು. "ಇಷ್ಟು ವರ್ಷದಾಗ ನೀ ಮಾಡಿದ್ದು ಸರಿ ಐತಿ ಅಂತ ನನಗ್ಯಾರೂ ಹೇಳಿದ್ದಿಲ್ಲ." ಆ ಅಳು ನಟನೆಯಲ್ಲ. ನಟನೆಯಾಗಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು.

ಕಣ್ಣೊರೆಸಿಕೊಂಡು ಆಕೆ ಸೊಸೆಯ ಹತ್ತಿರ ಬಂದಳು. ದನಿ ಮೆತ್ತಗಿತ್ತು.

"ನೀನ ಹೇಳಿದ್ದಿಯಲ್ಲವಾ ತಂಗಿ. ಮಂದಿ ಸುಳ್ಳು ಹೇಳ್ತಾರ, ಕೂಸಿನ ಕಿವಿ ಹೇಳಂಗಿಲ್ಲ ಅಂತ."

ದಾನಮ್ಮ ಬಾಯಿ ತೆರೆದಳು. ಕೂಸು ಅಲ್ಲೇ, ಮೊಳದ ದೂರದಲ್ಲಿ ಇತ್ತು. ಮುಚ್ಚಿಕೊಂಡಳು.

ನಾಮಕರಣದ ದಿನ ತೊಟ್ಟಿಲ ಹತ್ತಿರ ಸೋದರತ್ತೆ ಶಾರವ್ವ ಸುಮ್ಮನೆ ನಿಂತಿದ್ದಳು. ನೀಲವ್ವ ಬಾಗಿ ಮೊಮ್ಮಗಳ ಕಿವಿಯಲ್ಲಿ ಹೆಸರು ಹೇಳಿದಳು. ಹೆಂಗಸರು ಆಕೆಯ ಬೆನ್ನಿಗೆ ಗುದ್ದಿದರು. ದಾನಮ್ಮನಿಗೆ ತನ್ನ ತಾಯಿಯ ಹೆಸರು ಇಡುವ ಆಸೆ ಇತ್ತು, ಒಗೆಯುವ ಕಲ್ಲಿನ ಹತ್ತಿರ ನನಗೆ ಹೇಳಿದ್ದಳು. ಆದರೆ ಕೇಳಲು ಬಾಯಿ ತೆರೆಯಬೇಕಲ್ಲ. ಇಟ್ಟ ಹೆಸರು ಸಂಗವ್ವ. ನೀಲವ್ವನ ತಲೆಯ ಮೇಲೆ ರೊಟ್ಟಿ ಮುರಿದ ಸಂಗವ್ವನ ಹೆಸರು.

ಹಿರಿಯರ ಹೆಸರಿನ ಕೂಸನ್ನು ಹೆಸರು ಹಿಡಿದು ಕರೆಯಬಾರದು. ನೀಲವ್ವ ಅದನ್ನು "ಅತ್ತಿ" ಎಂದೇ ಕರೆದಳು. "ನಮ್ಮತ್ತಿ ತಿರುಗಿ ಬಂದಾಳ," ಎಂದು ಪಡಸಾಲೆಯ ಹೆಂಗಸರಿಗೆ ತೋರಿಸುತ್ತಿದ್ದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ರೊಟ್ಟಿಯನ್ನು ಬೆಳಕಿಗೆ ಹಿಡಿದು, ಜೋಗುಳದ ದನಿಯಲ್ಲಿ ಹೇಳುತ್ತಿದ್ದಳು: "ನೋಡ್ರಿ ಅತ್ತಿ, ನಿಮ್ಮವ್ವ ಬಡದ ರೊಟ್ಟಿ ನೋಡ್ರಿ. ದನ ಮೂಸೂದಿಲ್ಲ. ಮುರೀಲೇನ್ರಿ? ಮುರೀತೀರಾ?" ಕೂಸಿನ ಪುಟ್ಟ ಕೈಯನ್ನು ಹಿಡಿದು ಅದರಿಂದಲೇ ಮುರಿಸುತ್ತಿದ್ದಳು. ಕಟಕ್ ಎಂಬ ಸದ್ದಿಗೆ ಕೂಸು ನಗುತ್ತಿತ್ತು. ಹೆಂಗಸರೂ ನಗುತ್ತಿದ್ದರು.

ದಾನಮ್ಮ ಮಾತಿಲ್ಲದೆ ಹಾಲು ಕುಡಿಸಿದಳು, ಮಾತಿಲ್ಲದೆ ನೀರು ಎರೆದಳು. ಕೂಸು ಅಳುವಾಗ ಬೇರೆ ತಾಯಂದಿರು ಮಾಡುವ ಆ ಅರ್ಥವಿಲ್ಲದ ಸದ್ದುಗಳನ್ನೂ ಮಾಡಲಿಲ್ಲ. ಗಲ್ಲ ಸವರುತ್ತಿದ್ದಳು. ಅಷ್ಟೆ. ಕೂಸಿಲ್ಲದ ಕಡೆಗೂ ಆಕೆಯ ದನಿ ಇಳಿಯುತ್ತ ಬಂತು. ಒಗೆಯುವ ಕಲ್ಲಿನ ಹತ್ತಿರ ನಾನು ಏನಾದರೂ ಕೇಳಿದರೆ, ತಲೆಯಾಡಿಸಿ ಮುಗಿಸುತ್ತಿದ್ದಳು.

ಕೆರೂರ ಮೇಡಂ ಅವರಿಗೆ ಆ ಗೆರೆ ಬಿದ್ದದ್ದು ಮನಸ್ಸಿನಿಂದ ಹೋಗಿರಲಿಲ್ಲ. ಹಳೆಯ ಫಲಿತಾಂಶಗಳನ್ನು ತೆಗೆದು ನೋಡಿದರು. ತಾಯಿಯ ದನಿಗೇ ಕಿವಿ ಮುಚ್ಚಿದ ಕೂಸುಗಳು ಇನ್ನೂ ಇದ್ದವು. ನಾವು ಅವನ್ನು ಯಂತ್ರದ ದೋಷವೆಂದು ಬದಿಗಿಟ್ಟಿದ್ದೆವು. ಅವರು ಒಂದು ಪ್ರಯೋಗ ಮಾಡಿದರು. ಒಪ್ಪಿಕೊಂಡ ಕೆಲವು ಬಸುರಿಯರ ಮುಂಗೈಗೆ ನಾಡಿ ಅಳೆಯುವ ಪಟ್ಟಿ ಕಟ್ಟಿ ಮನೆಗೆ ಕಳಿಸಿದರು. ಮನೆಯ ಸದ್ದೂ ಅದರಲ್ಲಿ ದಾಖಲಾಗುತ್ತಿತ್ತು. ಕೆಲವು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ, ನಾನು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಕರೆದರು.

"ಕಸ್ತೂರಿ, ಇಲ್ಲಿ ನೋಡು. ಅತ್ತಿ ಬೈಯಾಕ ಶುರು ಮಾಡಿದ್ಲು. ನಾಡಿ ಏನಾತು?"

ಏರಬೇಕಾಗಿತ್ತು. ಇಳಿದಿತ್ತು.

"ಹಾವು ಕಂಡ ಕಪ್ಪಿ ನೋಡಿಯಲ್ಲ, ಅಲುಗಾಡದ ಕೂಡ್ತದ. ಅದರ ಎದಿ ನಿಧಾನ ಆಗ್ತದ. ಇವರೂ ಹಂಗ. ಬೈಸಿಕೊಳ್ಳೋ ಮುಂದ ಉಸಿರು ಹಿಡದು ಕೂಡ್ತಾರ. ಹೊಟ್ಟಿಯೊಳಗಿನ ಕೂಸಿಗೆ ಬೈಗುಳದ ಅರ್ಥ ಗೊತ್ತಿಲ್ಲ. ಅದಕ್ಕ ಗೊತ್ತಾಗೋದು ಇಷ್ಟ: ಈ ದನಿ ಬಂದ್ರ ಸುತ್ತೆಲ್ಲ ಶಾಂತ ಆಗ್ತದ. ಜೋಗುಳ ಇದ್ದಂಗ." ಅವರು ಪರದೆಯ ಮೇಲೆ ಬೆರಳು ಸರಿಸಿದರು. "ಈಗ ಇಲ್ಲಿ. ಸೊಸಿ ತಿರುಗಿ ಮಾತಾಡಾಕ ಬಾಯಿ ತೆರದ್ಲು."

ನಾಡಿಯ ಗೆರೆ ಗೋಡೆಯ ಹಾಗೆ ಎದ್ದಿತ್ತು.

"ತಾಯಿ ದನಿ ಎಲುಬಿನೊಳಗಿಂದ ಹೋಗ್ತದ, ಕೂಸಿಗೆ ಎಲ್ಲಕ್ಕಿಂತ ಜೋರು ಕೇಳ್ತದ. ಜೊತಿಗೆ ಈ ಡವಡವ. ಆ ಮನ್ಯಾಗ ಆಕಿ ಮಾತಾಡಿದ ಪ್ರತಿ ಸಲ ಹೆದರಿಕೊಂಡ ಮಾತಾಡ್ಯಾಳ. ಬೈದವರ ದನಿ ಅಲ್ಲ, ಬೈಸಿಕೊಂಡವರ ದನಿ ನಾವು ಹಿಡದೀವಿ."

"ಹಂಗಾರ ಇಷ್ಟು ದಿನ..."

"ಹೂಂ," ಎಂದರು ಅವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಅವರು ಮೇಲಿನವರಿಗೆ ಬರೆದರು. ಬಸುರಿಯರ ಸಂಖ್ಯೆ ಸಾಲದು, ಪರೀಕ್ಷೆ ಮುಂದುವರಿಯಲಿ ಎಂದು ಉತ್ತರ ಬಂತು. ಆಗ ಅವರು ಸುಮ್ಮನೆ ಕೂಡಲಿಲ್ಲ. ಸೀದಾ ನೀಲವ್ವನ ಮನೆಗೆ ಬಂದರು. ನಾನೇ ಕರೆದುಕೊಂಡು ಹೋದೆ. ಸಂಗವ್ವ ಆಗ ತೆವಳುತ್ತಿದ್ದಳು.

ನೀಲವ್ವ ಚಾಪೆ ಹಾಸಿ, ರೊಟ್ಟಿ ಶೇಂಗಾಚಟ್ನಿ ಮೊಸರು ಇಟ್ಟು, ಕೊನೆಯವರೆಗೆ ಕೇಳಿದಳು.

"ಅಂದ್ರ ನಾನ ಬೈದಿದ್ದಕ್ಕ ಹಿಂಗಾತು ಅಂತೀರಿ."

"ನೀವೊಬ್ಬರ ಅಲ್ರಿ. ನಿಮಗೂ ಯಾರೋ ಬೈದಾರ."

"ಬೈದಾರ. ಅದಕ್ಕ ನನ್ನ ರೊಟ್ಟಿ ಹುಬ್ಬಳ್ಳಿ ತನಕ ಹೋಗ್ತಾವು." ಆಕೆ ಸಿಟ್ಟಾಗಲಿಲ್ಲ. "ಮೇಡಮ್ಮಾರ, ಎಲ್ಲಾರ ಎದುರಿಗೆ ನಿಮ್ಮ ಮಷಿನ್ ಒಂದು ಹೇಳಿತು. ನಾವು ಒಪ್ಪಿಕೊಂಡ್ವಿ. ಈಗ ನೀವೊಬ್ಬರ ಬಂದು ಇನ್ನೊಂದು ಹೇಳ್ತೀರಿ. ಗೆರಿ ಆಕಿ ದನಿಗಿ ಬಿದ್ದಿದ್ದು ಹೌದಲ್ರಿ?"

"ಹೌದು, ಆದ್ರ..."

"ಬಿದ್ದಿದ್ದು ಹೌದು. ಊಟ ಮಾಡ್ರಿ."

ಮೇಡಂ ಏಳುವಾಗ ದಾನಮ್ಮನನ್ನು ಹಿತ್ತಲಿಗೆ ಕರೆದರು. ಒಗೆಯುವ ಕಲ್ಲಿನ ಹತ್ತಿರ ನಿಂತು, ಕಪ್ಪೆಯ ಉದಾಹರಣೆಯಿಂದ ಹಿಡಿದು ಎಲ್ಲವನ್ನೂ ಮೊದಲಿನಿಂದ ಹೇಳಿದರು. ಮಾತಾಡಿದರೆ ಏನೂ ಆಗುವುದಿಲ್ಲ, ನಿಧಾನಕ್ಕೆ ಕೂಸು ಕಲಿಯುತ್ತದೆ, ಇವತ್ತೇ ಶುರು ಮಾಡು ಎಂದರು. ದಾನಮ್ಮ ಗಮನವಿಟ್ಟು ಕೇಳಿದಳು. ಆಮೇಲೆ ಆಕೆ ಮಾತಾಡಿದಾಗ, ಬಹಳ ದಿನ ತೆರೆಯದ ಬಾಗಿಲಿನ ಹಾಗೆ ದನಿ ಕರಕರ ಎಂದಿತು.

"ಅಂದ್ರ ನಾ ಹೆದರಿದ್ದು ಕೂಸಿಗೆ ಹತ್ತಿತು."

"ಒಂದು ರೀತಿ ಹಂಗ. ಆದ್ರ ನಿನ್ನ..."

"ನಾ ಸುಮ್ನ ಇದ್ದಿದ್ರ ಹತ್ತತಿದ್ದಿಲ್ಲ. ತಿರುಗಿ ಮಾತಾಡಿದ್ದಕ್ಕ ಹತ್ತಿತು."

ಮೇಡಂ ಆಕೆಯ ಕೈ ಹಿಡಿಯಲು ಹೋದರು.

"ಅತ್ತಿಯಾರು ಅದನ್ನ ಹೇಳತಿದ್ರು ನನಗ," ಎಂದಳು ದಾನಮ್ಮ. "ಬಾಯಿ ತೆರೀಬ್ಯಾಡ ಅಂತ. ತಪ್ಪು ನಂದ ಆತಲ್ರಿ. ಬ್ಯಾಡ್ರಿ ಮೇಡಂ, ಕೂಸಿಗೆ ಇನ್ನ ಮ್ಯಾಲೆ ಏನೂ ಮಾಡಂಗಿಲ್ಲ ನಾ."

ಒಳಗೆ ಕೂಸು ಎದ್ದ ಸದ್ದಾಯಿತು. ಆಕೆ ಸೆರಗಿನಿಂದ ಬಾಯಿ ಒತ್ತಿಕೊಂಡು ಒಳಗೆ ಹೋದಳು. ರಸ್ತೆಯವರೆಗೆ ಬರುವಾಗ ಮೇಡಂ ಒಂದೇ ಮಾತು ಹೇಳಿದರು: "ನಾ ಏನ ಹೇಳಿದ್ರೂ ಆಕಿಗೆ ಬೈಗಳನ ಆಗಿ ಕೇಳ್ತದ." ಆ ಮಾತಿನಲ್ಲಿ ನನಗೆ ಬೇಸರಕ್ಕಿಂತ ಹೆಚ್ಚಾಗಿ ಒಂದು ವಿಧದ ಅಂಜಿಕೆ ಕಂಡಿತು.

ವರ್ಷ ತುಂಬಿತು. ಸಲಹೆಯ ಅವಧಿ ಮುಗಿಯಿತು. ಮೌನ ಮುಗಿಯಲಿಲ್ಲ. ಮುತ್ತಣ್ಣ ಒಮ್ಮೆ, "ಈಗ ಮಾತಾಡಬಹುದಲ್ಲ," ಎಂದನಂತೆ. ದಾನಮ್ಮ ಬೇಡವೆಂದು ತಲೆಯಾಡಿಸಿದಳಂತೆ. ಅವನು ಸ್ಕೂಟರ್ ಒರೆಸಲು ಹೋದನಂತೆ.

ಸಂಗವ್ವನಿಗೆ ಮಾತು ಬಂತು. ಎಲ್ಲ ಮಕ್ಕಳಿಗಿಂತ ಬೇಗ, ಸ್ವಚ್ಛವಾಗಿ ಬಂತು. ಮಾತು ಮಾತ್ರವಲ್ಲ, ಅದರ ಏರಿಳಿತ, ಸೊಂಟದ ಮೇಲಿನ ಕೈ, ಮಾತಿಗೆ ಮುಂಚೆ ಮೂಗಿನಿಂದ ಬಿಡುವ ಉಸಿರು, ಎಲ್ಲವೂ ನೀಲವ್ವನದೇ. ಮನೆಯಲ್ಲಿ ಬೇರೆ ಯಾರ ದನಿಯಿಂದ ಕಲಿಯಬೇಕಿತ್ತು? ನಾಲ್ಕು ತುಂಬುವ ಮೊದಲೇ ಅಜ್ಜಿಯ ಪಕ್ಕದಲ್ಲಿ ಮಣೆ ಹಾಕಿ ಕುಳಿತು ರೊಟ್ಟಿ ಬೆಳಕಿಗೆ ಹಿಡಿಯುತ್ತಿದ್ದಳು.

"ಇದನ್ನ ಯಾರು ಬಡದಿದ್ದು?"

"ನಿಮ್ಮವ್ವರಿ ಅತ್ತಿ," ಎನ್ನುತ್ತಿದ್ದಳು ನೀಲವ್ವ ಕೈಕಟ್ಟಿ, ಆಟದ ವಿನಯದಿಂದ.

"ಕೈಯಾಗ ಬುದ್ಧಿ ಇಲ್ಲ ಆಕಿಗೆ." ಕಟಕ್.

ಒಂದು ಸಂಜೆ ಹುಡುಗಿ ಅಂಗಳದಲ್ಲಿ ಎಡವಿ ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು. ದಾನಮ್ಮ ಓಡಿ ಹೋಗಿ ಎತ್ತಿಕೊಂಡಳು. ಆ ಗಾಬರಿಯಲ್ಲಿ ಆಕೆಯ ಬಾಯಿಂದ ಒಂದು ಸದ್ದು ಬಂತು. ಮಾತೂ ಅಲ್ಲ, "ಅಯ್ಯ" ಎಂಬುದರ ಅರ್ಧ. ಹುಡುಗಿ ಅಳು ನಿಲ್ಲಿಸಿ, ತಾಯಿಯ ತುಟಿಯ ಮೇಲೆ ಅಂಗೈ ಇಟ್ಟು ಹೇಳಿದಳು:

"ನೀ ಸುಮ್ನಿರು. ನಿನ್ನ ದನಿ ಛಲೋ ಇಲ್ಲಂತ. ನನ್ನ ಕಿವಿಗೆ ಆಗಂಗಿಲ್ಲ."

ಸಿಟ್ಟಿನಿಂದಲ್ಲ. ಬಿಸಿ ಮುಟ್ಟಬೇಡ ಎಂದು ಮಕ್ಕಳು ಒಬ್ಬರಿಗೊಬ್ಬರು ಹೇಳುವಂತೆ. ಪಡಸಾಲೆಯಲ್ಲಿ ಯಾರೋ ಕಿಸಕ್ಕೆಂದರು. ದಾನಮ್ಮ ಮಗಳ ಅಂಗೈಯ ಕೆಳಗೆ ತುಟಿ ಬಿಗಿದು ಹೌದೆಂದು ತಲೆಯಾಡಿಸಿದಳು.

ಕೆರೂರ ಮೇಡಂ ಆ ಹೊತ್ತಿಗೆ ನಮ್ಮ ಆಸ್ಪತ್ರೆ ಬಿಟ್ಟಿದ್ದರು. ಹೊರಡುವ ಮುನ್ನಾ ದಿನ ಕಪಾಟು ಖಾಲಿ ಮಾಡುತ್ತ, ನನಗೆ ಇನ್ನೊಂದು ಮಾತು ಹೇಳಿದ್ದರು. ಹೇಳಲೋ ಬೇಡವೋ ಎಂಬಂತೆ ಹೇಳಿದರು.

"ಕಿವಿಯೊಳಗಿನ ಆ ಸ್ನಾಯು ಇನ್ನೊಂದು ಹೊತ್ತಿನಾಗೂ ಬಿಗೀತದ, ಗೊತ್ತದ ಏನು? ನಾವು ಮಾತಾಡೋಕಿಂತ ತುಸು ಮುಂಚೆ. ನಮ್ಮ ದನಿ ನಮ್ಮ ಕಿವಿಗೆ ಬಡೀಬಾರದಂತ. ಪರರ ದನಿಗಲ್ಲ, ಸ್ವಂತ ದನಿಗೆ."

ನನಗೆ ತಕ್ಷಣ ಹೊಳೆಯಲಿಲ್ಲ.

"ಹೊಟ್ಟಿಯೊಳಗ ಇರೋ ಕೂಸಿಗೆ ತಾಯಿ ಬ್ಯಾರೆ, ತಾನು ಬ್ಯಾರೆ ಅಂತ ತಿಳೀತದೋ ಇಲ್ಲೋ," ಎಂದರು. "ಆಕಿ ದನಿ ತನ್ನ ದನಿ ಅಂತ ತಿಳದು ಕಿವಿ ಬಿಗಿದಿತ್ತೋ ಏನೋ. ಮಾತಾಡಾಕ ತಯಾರಾಗಿತ್ತೋ ಏನೋ. ಮಷಿನ್‌ನಾಗ ಎರಡೂ ಒಂದ ಥರ ಕಾಣ್ತದ."

"ಮತ್ತ ಆ ನಾಡಿ, ಆ ಡವಡವ?"

"ಅದೂ ಇರಬಹುದು. ಎರಡೂ ಇರಬಹುದು. ಹೆಂಗ ತಿಳೀಬೇಕು, ಕಸ್ತೂರಿ? ಹಿಂದ ಹೋಗಿ ಕೂಸಿನ್ನ ಕೇಳಾಕ ಬರಂಗಿಲ್ಲ." ಅವರು ಪೆಟ್ಟಿಗೆಯ ಬಾಯಿ ಮುಚ್ಚಿದರು. "ಆಕಿಗೆ ಇದನ್ನ ನಾ ಹೇಳಂಗಿಲ್ಲ. ಒಮ್ಮೆ ಹೇಳಿ ನೋಡೀನಿ. ನೀ ಹೇಳೋದಿದ್ರ ಹೇಳು."

ನಾನೂ ಹೇಳಿಲ್ಲ. ಹೇಳಿದರೆ ಆಕೆ ಅದರಲ್ಲಿಯೂ ಯಾವ ತಪ್ಪನ್ನು ಹುಡುಕಿ ತನ್ನ ಮೇಲೆ ಹಾಕಿಕೊಳ್ಳುತ್ತಾಳೋ ಎಂಬ ಅಂಜಿಕೆ.

ಕಳೆದ ತಿಂಗಳು ಶಾರವ್ವನ ಮಗಳ ಮದುವೆ ಇತ್ತು. ನೀಲವ್ವ, ಮುತ್ತಣ್ಣ ಮೊದಲೇ ಹೋಗಿದ್ದರು. ದಾನಮ್ಮ ಮತ್ತು ಹುಡುಗಿಯನ್ನು ಬಸ್ಸು ಹತ್ತಿಸಲು ನಾನು ನಿಲ್ದಾಣಕ್ಕೆ ಹೋದೆ. ಬಸ್ಸು ಹೊರಡಲು ಸಮಯವಿತ್ತು. ಕಂಬದ ಮೇಲಿನ ಧ್ವನಿವರ್ಧಕದಿಂದ ಆ ದನಿ ಬಂತು.

"ಪ್ರಯಾಣಿಕರ ಗಮನಕ್ಕೆ. ನರೇಗಲ್ಲ ಮಾರ್ಗವಾಗಿ ಗಜೇಂದ್ರಗಡಕ್ಕೆ ಹೋಗುವ ಬಸ್ಸು ನಾಲ್ಕನೆಯ ಅಂಕಣದಲ್ಲಿ ನಿಂತಿದೆ."

ಅಗಲವಾದ, ಅವಸರವಿಲ್ಲದ ದನಿ. ಇಷ್ಟು ವರ್ಷವಾದರೂ ಅವರು ಅದನ್ನು ಬದಲಿಸಿರಲಿಲ್ಲ. ಹುಡುಗಿ ತಲೆ ಎತ್ತಿದಳು. ಮೂಗಿನಿಂದ ಉಸಿರು ಬಿಟ್ಟು, ಸೊಂಟದ ಮೇಲೆ ಕೈಯಿಟ್ಟು, "ಯಾರು ಆಕಿ ಒದರಾಕತ್ತಾಳ?" ಎಂದು ನನ್ನನ್ನು ಕೇಳಿದಳು.

ನಾನು ದಾನಮ್ಮನ ಮುಖ ನೋಡಿದೆ. ಆಕೆ ಬೇಡವೆಂದು ತಲೆಯಾಡಿಸಿದಳು.

"ಗೊತ್ತಿಲ್ಲವ್ವ," ಎಂದೆ.

ದನಿ ಮತ್ತೆ ಮತ್ತೆ ಬರುತ್ತಿತ್ತು. ಹುಡುಗಿಯ ಒಂದು ಕೈ ತಾನಾಗಿಯೇ ಕಿವಿಗೆ ಹೋಯಿತು. ಒತ್ತಿ ಹಿಡಿದಳು. ದಾನಮ್ಮ ಅದನ್ನು ಕಂಡಳು. ಕೈಯಲ್ಲಿನ ಚೀಲವನ್ನು ನೆಲಕ್ಕೆ ಬಿಟ್ಟು, ಮಗಳ ಹಿಂದೆ ಮಂಡಿಯೂರಿ ಕುಳಿತು, ತನ್ನ ಎರಡೂ ಅಂಗೈಗಳಿಂದ ಅವಳ ಎರಡೂ ಕಿವಿಗಳನ್ನು ಮುಚ್ಚಿದಳು. ತನ್ನದೇ ದನಿ ಮುಗಿಯುವವರೆಗೂ ಹಾಗೆಯೇ ಹಿಡಿದಿದ್ದಳು. ಆಕೆಗೆ ಮಗಳ ಮುಖ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು. ಹುಡುಗಿಯ ತುಟಿಗಳು ಅಲುಗುತ್ತಿದ್ದವು. ಪ್ರಯಾಣಿಕರ ಗಮನಕ್ಕೆ. ನರೇಗಲ್ಲ ಮಾರ್ಗವಾಗಿ. ಸದ್ದಿಲ್ಲದೆ, ಧ್ವನಿವರ್ಧಕಕ್ಕಿಂತ ಒಂದು ಪದ ಮುಂದೆ.

ಅವಳು ಕಿವಿ ಮುಚ್ಚಿಕೊಂಡದ್ದು ಹುಟ್ಟಿನಿಂದ ಬಂದ ಭಯದಿಂದಲೋ, ಮನೆಯಲ್ಲಿ ಕಲಿಸಿದ ಪಾಠದಿಂದಲೋ, ಆ ದನಿಯನ್ನು ತನ್ನದೆಂದೇ ತಿಳಿದೋ, ನನಗೆ ಗೊತ್ತಿಲ್ಲ. ಯಂತ್ರಕ್ಕೂ ಗೊತ್ತಾಗುವುದಿಲ್ಲ. ಬಸ್ಸು ಹೊರಡುವ ಹೊತ್ತಾಯಿತು, ಅವರು ಹತ್ತಿ ಹೋದರು.